ರಾಕೆಟ್ ಬರಲಿಲ್ಲ: ಸಿ.ಐ.ಡಿ. 999ರ ಕೊನೆಯ ಸಾಹಸ

ಕುರುಗೋಡಿನಲ್ಲಿರುವ ನಮ್ಮ ತಾತನಿಗೆ ರಾಜಕುಮಾರ್ ಅವರ ಮೇಲೆ ಇರುವ ದೂರು ಒಂದೇ ಒಂದು. 1978ರ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರದಲ್ಲಿ ರಾಕೆಟ್ ಇರಲಿಲ್ಲ ಎಂಬುದು. ಗೋಡೆಗೆ ಅಂಟಿಸಿದ್ದ ಪೋಸ್ಟರ್ ಓದಿಕೊಂಡು, ವಜ್ರ ತುಂಬಿದ ರಾಕೆಟ್ಟೊಂದು ಆಕಾಶಕ್ಕೆ ಹಾರುವುದನ್ನೂ ಸಿ.ಐ.ಡಿ. 999 ಅದನ್ನು ತಡೆಯುವುದನ್ನೂ ಮನಸ್ಸಿನಲ್ಲೇ ನೋಡಿಬಿಟ್ಟಿದ್ದ ತಾತ, ಗೆಳೆಯರೊಡನೆ ಬಸ್ಸು ಹತ್ತಿ ಬಳ್ಳಾರಿಗೆ ಹೋಗಿದ್ದರಂತೆ. "ಕಡೇ ರೀಲಿನ ತನಕ ಕುಂತಿದ್ವಿ. ಈಗ ಬರ್ತೈತಿ, ಆಗ ಬರ್ತೈತಿ ಅಂತ. ಬರಲೇ ಇಲ್ಲ" ಎಂದು ಈಗಲೂ ಹೇಳುತ್ತಾರೆ. ಕಳ್ಳಸಾಗಣೆಯ ಜಾಲಕ್ಕೆ ಇಂಗ್ಲಿಷಿನಲ್ಲಿ ಬಳಸುವ ಮಾತೂ ಆಕಾಶಕ್ಕೆ ಹಾರುವ ರಾಕೆಟ್ಟೂ ಕನ್ನಡ ಲಿಪಿಯಲ್ಲಿ ಒಂದೇ ಆಗಿ ಕಂಡದ್ದರ ಫಲ ಇದು. ತಪ್ಪು ಪೋಸ್ಟರಿನದೋ ಓದಿದವರದೋ, ನಿರಾಶೆಯಂತೂ ನಿಜ.

ತಾತನ ದೂರನ್ನು ಕೇಳಿ ನಕ್ಕು ಬಿಟ್ಟುಬಿಡಬಹುದಿತ್ತು. ಆದರೆ ಕಳೆದ ವರ್ಷ ಈ ಸರಣಿಯ ನಾಲ್ಕೂ ಚಿತ್ರಗಳನ್ನು ಒಂದರ ಹಿಂದೊಂದರಂತೆ ನೋಡಿದಾಗ, ರಾಕೆಟ್ ನಿರೀಕ್ಷಿಸದೆ ಕುಳಿತ ನನಗೂ ನಾಲ್ಕನೆಯದರ ಬಳಿಕ ಏನೋ ಕೈತಪ್ಪಿದಂತೆ ಅನಿಸಿತು. ಹಾಗಾದರೆ ತಾತನ ತಲೆಮಾರಿಗೆ ಅಲ್ಲಿ ಸಿಗದೇ ಹೋದದ್ದು ಏನು? ರಾಕೆಟ್ ಅಂತೂ ಅಲ್ಲ.

ಸರಣಿಯ ಪರಿಚಯ ಮೊದಲು. 1968ರಲ್ಲಿ 'ಜೇಡರ ಬಲೆ' ಬಂತು. ಛಾಯಾಗ್ರಾಹಕರಾಗಿದ್ದ ಬಿ. ದೊರೈರಾಜ್ ಮತ್ತು ಎಸ್.ಕೆ. ಭಗವಾನ್ 'ದೊರೈ-ಭಗವಾನ್' ಎಂಬ ಜೋಡಿ ಹೆಸರಿನಲ್ಲಿ ನಿರ್ದೇಶಿಸಿದ ಮೊದಲ ಚಿತ್ರ ಅದು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' ತೆರೆಗೆ ಬಂದವು. ಆಮೇಲೆ ಒಂಬತ್ತು ವರ್ಷಗಳ ಬಿಡುವು. 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಬಂತು. ನಾಲ್ಕಕ್ಕೂ ನಿರ್ದೇಶಕರು ಅವರೇ, ಸಂಗೀತ ಜಿ.ಕೆ. ವೆಂಕಟೇಶ್, ನಾಯಕ ರಾಜಕುಮಾರ್. ನಾಯಕಿ ಮಾತ್ರ ಪ್ರತಿ ಬಾರಿ ಬೇರೆ: ಜಯಂತಿ, ಲಕ್ಷ್ಮಿ, ರೇಖಾ, ಪದ್ಮಪ್ರಿಯ. ಮೂರನೆಯ ಚಿತ್ರದ ರೇಖಾ ಎಂದರೆ ಹಿಂದಿಯ ಆ ರೇಖಾ ಅವರೇ. 'ಸಾವನ್ ಭಾದೋಂ' ಮೂಲಕ ಅವರು ಹಿಂದಿ ಪ್ರೇಕ್ಷಕರ ಎದುರು ನಿಲ್ಲುವ ಮೊದಲೇ ಕನ್ನಡದ 999ರ ಎದುರು ನಾಯಕಿಯಾಗಿ ನಿಂತಿದ್ದರು. ಐದನೆಯ ಚಿತ್ರ ಬರಲಿಲ್ಲ. ರಾಜಕುಮಾರ್ 2000ದ 'ಶಬ್ದವೇಧಿ'ಯವರೆಗೂ ನಟಿಸಿದರು, ದೊರೈ-ಭಗವಾನ್ ಕೂಡ ಚಿತ್ರಗಳನ್ನು ಮಾಡುತ್ತ ಹೋದರು. ಆದರೆ 999 ಎಂಬ ಸಂಖ್ಯೆಯನ್ನು ಯಾರೂ ಮತ್ತೆ ತೊಡಲಿಲ್ಲ.

ಈ ಸಂಖ್ಯೆಯ ಹಿಂದೆ ಇಂಗ್ಲೆಂಡಿನ 007 ಇದ್ದಾನೆ ಎಂದು ಬಿಡಿಸಿ ಹೇಳಬೇಕಿಲ್ಲ. ಇಯಾನ್ ಫ್ಲೆಮಿಂಗ್ ಸೃಷ್ಟಿಸಿದ ಜೇಮ್ಸ್ ಬಾಂಡ್ 1962ರಲ್ಲಿ 'ಡಾಕ್ಟರ್ ನೋ' ಮೂಲಕ ತೆರೆಗೆ ಬಂದ ಮೇಲೆ ಲೋಕದ ಎಲ್ಲೆಡೆ ಗೂಢಚಾರರ ಸುಗ್ಗಿ. ದಕ್ಷಿಣದಲ್ಲಿ ತೆಲುಗಿನವರು ಮುಂದೆ ಬಿದ್ದರು. 1966ರಲ್ಲಿ ಕೃಷ್ಣ ಮತ್ತು ಜಯಲಲಿತಾ ನಟಿಸಿದ 'ಗೂಢಚಾರಿ 116' ಬಂತು. ಅದೇ ಕಥೆ 1967ರಲ್ಲಿ ಜಿತೇಂದ್ರ ಅವರ 'ಫರ್ಜ್' ಆಗಿ ಹಿಂದಿಗೆ ಹೋಯಿತು. ಕನ್ನಡದ ಸರದಿ ಅದರ ಮರುವರ್ಷ. (999 ಎಂಬುದು ಲಂಡನ್ನಿನಲ್ಲಿ 1937ರಿಂದ ಪೊಲೀಸರನ್ನು ತುರ್ತಾಗಿ ಕರೆಯಲು ಬಳಸುವ ದೂರವಾಣಿ ಸಂಖ್ಯೆಯೂ ಹೌದು.) 007ನಿಗೆ ಕೊಲ್ಲುವ ಪರವಾನಗಿ ಇದೆ. ನಮ್ಮ 999 ಹೆಸರೇ ಹೇಳುವಂತೆ ಸಿ.ಐ.ಡಿ., ಸರ್ಕಾರಿ ಸಂಬಳದ ಪೊಲೀಸ್ ಅಧಿಕಾರಿ. ಆತನಿಗೆ ಕೊಡಬಹುದಾದ ಪರವಾನಗಿ ಬಂಧಿಸುವುದಕ್ಕೆ ಮಾತ್ರ. ಈ ಒಂದು ವ್ಯತ್ಯಾಸದಲ್ಲೇ ಮುಂದಿನ ಕಥೆಯ ಅರ್ಧ ಅಡಗಿದೆ.

'ಜೇಡರ ಬಲೆ' ಇಂದು ನೋಡಿದರೂ ಸಪ್ಪೆಯೆನಿಸುವುದಿಲ್ಲ. ಕಪ್ಪು ಬಿಳುಪು ಚಿತ್ರ, ಖರ್ಚು ಕಡಿಮೆ, ಖಳರ ಅಡಗುದಾಣ ಸ್ಟುಡಿಯೋ ಸೆಟ್ಟೆಂದು ಮಗುವಿಗೂ ಗೊತ್ತಾಗುತ್ತದೆ. ಹಾಗಿದ್ದೂ ಅದು ಹಿಡಿದು ಕೂರಿಸುತ್ತದೆ. ಕಥೆಯ ಕೇಂದ್ರದಲ್ಲಿ ಇರುವುದು ಲೋಹವನ್ನು ಚಿನ್ನವಾಗಿಸುವ ಸೂತ್ರ. ಇದು ಬರೀ ಅಜ್ಜಿಕಥೆಯ ಸ್ಪರ್ಶಮಣಿ ಎಂದುಕೊಂಡರೆ ಆ ಕಾಲದ ಪ್ರೇಕ್ಷಕನನ್ನು ತಪ್ಪಾಗಿ ತಿಳಿದಂತೆ. 1962ರ ಚೀನಾ ಯುದ್ಧದ ಬೆನ್ನಿಗೇ ಅರ್ಥಸಚಿವ ಮೊರಾರ್ಜಿ ದೇಸಾಯಿ ಚಿನ್ನದ ನಿಯಂತ್ರಣ ತಂದರು. 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧತೆಯ ಒಡವೆ ಮಾಡುವುದನ್ನು 1963ರಲ್ಲಿ ನಿಷೇಧಿಸಲಾಯಿತು. ಮಗಳ ಮದುವೆಗೆ ತಾಳಿ ಮಾಡಿಸಬೇಕಾದ ಅಪ್ಪ ಅಕ್ಕಸಾಲಿಗರ ಮನೆಯ ಹಿಂಬಾಗಿಲು ತಟ್ಟಿದ ದಿನಗಳವು. ಚಿನ್ನ ನಿಯಂತ್ರಣ ಕಾಯ್ದೆ ಪೂರ್ಣರೂಪದಲ್ಲಿ ಜಾರಿಗೆ ಬಂದದ್ದು 1968ರಲ್ಲೇ, 'ಜೇಡರ ಬಲೆ' ಬಂದ ವರ್ಷವೇ. ಚಿನ್ನ ಎಂದರೆ ಪ್ರೇಕ್ಷಕನ ಮನೆಯೊಳಗಿನ ಚಿಂತೆಯಾಗಿತ್ತು. ಗೋವಾ ಕೂಡ ಹಾಗೆಯೇ. ಪೋರ್ಚುಗೀಸರಿಂದ ಬಿಡುಗಡೆಯಾಗಿ ಆಗಿನ್ನೂ ಏಳು ವರ್ಷ. ಪಕ್ಕದಲ್ಲೇ ಇದ್ದರೂ ನೋಡದ, ಏನೇನೋ ಕೇಳಿದ್ದ ಊರು. ಎರಡನೆಯ ಚಿತ್ರಕ್ಕೆ ಗೋವಾ ಎಂಬ ಹೆಸರೇ ಅರ್ಧ ಬಂಡವಾಳವಾಯಿತು.

ಈ ಚಿನ್ನದ ಸೂತ್ರದ ಬಗ್ಗೆ ಬಳ್ಳಾರಿಯವರಾದ ನಾವು ಒಂದು ಮಾತು ಸೇರಿಸಬಹುದು. ಕಬ್ಬಿಣವನ್ನು ಚಿನ್ನವಾಗಿಸುವುದು ಹೇಗೆಂದು ನಮ್ಮ ಜಿಲ್ಲೆ 2000ದ ದಶಕದಲ್ಲಿ ಲೋಕಕ್ಕೇ ತೋರಿಸಿಕೊಟ್ಟಿತು. ಅದಿರು ಲಾರಿಗಳ ಕೆಂಪು ದೂಳಿನಲ್ಲಿ ಬೆಳೆದ ನನ್ನ ಓರಗೆಯವರಿಗೆ 'ಜೇಡರ ಬಲೆ'ಯ ಕಥೆ ಅಂಥ ಕಟ್ಟುಕಥೆಯೇನೂ ಅಲ್ಲ. ಆದರೆ ಆ ಬಲೆಯನ್ನು ಬಿಡಿಸಲು 999 ಬರಲಿಲ್ಲ. ಲೋಕಾಯುಕ್ತ ವರದಿ ಬಂತು, 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನೇ ನಿಲ್ಲಿಸಿತು.

ಮತ್ತೊಂದು ನಂಟು ಇದಕ್ಕಿಂತ ಹಿತವಾದದ್ದು. 'ಜೇಡರ ಬಲೆ'ಯ ನಾಯಕಿ ಜಯಂತಿ ಹುಟ್ಟಿದ್ದು ಬಳ್ಳಾರಿಯಲ್ಲಿ, 1945ರಲ್ಲಿ. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. 2021ರಲ್ಲಿ ಅವರು ತೀರಿಕೊಂಡಾಗ 'ಅಭಿನಯ ಶಾರದೆ'ಯ ಬಗ್ಗೆ ಬಂದ ಬರಹಗಳಲ್ಲಿ ಭಾವಪೂರ್ಣ ಪಾತ್ರಗಳದ್ದೇ ಮಾತು. ಕನ್ನಡದ ಮೊದಲ ಗೂಢಚಾರ ಸರಣಿಯನ್ನು ಆರಂಭಿಸಿದ ನಾಯಕಿ ಕೂಡ ಅವರೇ ಎಂಬುದನ್ನು ನೆನೆದವರು ಕಡಿಮೆ.

ರಾಜಕುಮಾರ್ ಅವರಿಗೆ 1968ರಲ್ಲಿ 39 ವರ್ಷ. ಆ ಒಂದೇ ವರ್ಷ ಅವರ ಹತ್ತಕ್ಕೂ ಹೆಚ್ಚು ಚಿತ್ರಗಳು ತೆರೆ ಕಂಡವು, ನೂರನೆಯ ಚಿತ್ರ 'ಭಾಗ್ಯದ ಬಾಗಿಲು' ಕೂಡ ಆ ವರ್ಷದ್ದೇ. 'ಬೇಡರ ಕಣ್ಣಪ್ಪ'ನಾಗಿ, ಕನಕದಾಸರಾಗಿ, ಹರಿಶ್ಚಂದ್ರನಾಗಿ ಜನ ಕೈಮುಗಿದಿದ್ದ ವ್ಯಕ್ತಿ ಏಕಾಏಕಿ ಕೋಟು ತೊಟ್ಟು, ಪಿಸ್ತೂಲು ಹಿಡಿದು ಬಂದದ್ದೇ ಮೊದಲ ಸೋಜಿಗ. ಬಾಂಡ್ ಚಿತ್ರ ನೋಡುವವನಿಗೆ ಕುತೂಹಲ ಇರುವುದು ಖಳನನ್ನು ಹೇಗೆ ಹಿಡಿಯುತ್ತಾನೆ ಎಂಬುದರಲ್ಲಿ. 'ಜೇಡರ ಬಲೆ' ನೋಡುವವನಿಗೆ ಅದರ ಜತೆಗೆ ಇನ್ನೊಂದು ಕುತೂಹಲ: ಹರಿಶ್ಚಂದ್ರ ಹೀಗೂ ಮಾಡಬಲ್ಲನೇ? ಮಾಡಬಲ್ಲ, ನಗುನಗುತ್ತ ಮಾಡಬಲ್ಲ ಎಂಬುದು ತೆರೆಯ ಮೇಲೆ ಕಂಡಾಗ ಆದ ಸಂತೋಷವೇ ಆ ಚಿತ್ರದ ನಿಜವಾದ ಚಿನ್ನದ ಸೂತ್ರ ಎಂದು ನನ್ನ ಅನಿಸಿಕೆ.

ಬಳ್ಳಾರಿ ಸೀಮೆಯಲ್ಲಿ ಈ ಸಂತೋಷಕ್ಕೆ ಇನ್ನೊಂದು ಬಣ್ಣವೂ ಇತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗಡಿ ಎಳೆದದ್ದು ನಕ್ಷೆಯ ಮೇಲೆ, ಸಿನಿಮಾ ಡಬ್ಬಿಗಳಿಗೆ ಆ ಗೆರೆ ಕಾಣಿಸುತ್ತಿರಲಿಲ್ಲ. ತೆಲುಗು ರಂಗಭೂಮಿಯ ಮಹಾನಟ ಬಳ್ಳಾರಿ ರಾಘವರ ಊರಿನಲ್ಲಿ ತೆಲುಗು ಚಿತ್ರ ಪರಕೀಯವೂ ಆಗಿರಲಿಲ್ಲ. ಸಿರುಗುಪ್ಪದ ಕಡೆಯಂತೂ ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಆಂಧ್ರದಿಂದ ಬಂದು ಭತ್ತ ಬೆಳೆದವರ ಕ್ಯಾಂಪುಗಳು ಎದ್ದವು. ಎತ್ತಿನ ಬಂಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಕ್ಯಾಂಪಿನವರು ಊರಿಗೆ ಸಿನಿಮಾಕ್ಕೆ ಬಂದರೆ ಅವರಿಗೆ ಬೇಕಾದದ್ದು ಎನ್‌ಟಿಆರ್, ಎಎನ್ನಾರ್, ಕೃಷ್ಣ. ಹೀಗಾಗಿ ತಾತನ ವಾರಗೆಯ ಹುಡುಗರಿಗೆ 007 ಎಂಬವನ ಹೆಸರು ಕಿವಿಗೆ ಬೀಳುವ ಮೊದಲೇ ಗೊತ್ತಿದ್ದದ್ದು 116 ಮತ್ತು 999. ಯಾರು ಮೇಲು ಎಂಬ ವಾದ ಗೋಲಿಯಾಟದಲ್ಲೂ ಬಾವಿಕಟ್ಟೆಯಲ್ಲೂ ನಡೆಯುತ್ತಿತ್ತಂತೆ. "116ಕ್ಕಿಂತ 999 ದೊಡ್ಡದಲ್ಲೇನ್ರೋ, ಲೆಕ್ಕ ಬರಲ್ಲೇನು?" ಎಂಬುದು ನಮ್ಮ ತಾತನ ಕಡೆಯವರ ಬ್ರಹ್ಮಾಸ್ತ್ರ. ಮಕ್ಕಳಾಟಿಕೆಯ ಈ ವಾದದ ಅಡಿಯಲ್ಲಿ ಎರಡು ಭಾಷೆಯ ನಡುವೆ ಬದುಕುವ ಊರಿನ ಅಭಿಮಾನವೂ ಇತ್ತು. ತೆಲುಗಿನವರಿಗೆ ಇರುವುದೆಲ್ಲ ನಮಗೂ ಇದೆ ಎಂದು ತೋರಿಸಲು 999 ಬೇಕಾಗಿದ್ದ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ತೆಲುಗಿನ ಕೃಷ್ಣ ಗೂಢಚಾರನಾಗಿ ಮತ್ತೆ ಮತ್ತೆ ಬಂದರು. ಆದರೆ ಬಂದಾಗಲೆಲ್ಲ ಹೊಸ ಹೆಸರು: 1971ರಲ್ಲಿ 'ಜೇಮ್ಸ್ ಬಾಂಡ್ 777', 1978ರಲ್ಲಿ 'ಏಜೆಂಟ್ ಗೋಪಿ', 1981ರಲ್ಲಿ 'ರಹಸ್ಯ ಗೂಢಚಾರಿ'. ಹಳೆಯ ಸಾಲ ಹೊಸ ಅಂಗಡಿಗೆ ಅಂಟಿಕೊಳ್ಳಲಿಲ್ಲ. ಕನ್ನಡದಲ್ಲಿ ಸಂಖ್ಯೆ ಒಂದೇ ಉಳಿಯಿತು. ಸಂಖ್ಯೆ ಉಳಿಸಿಕೊಂಡವರು ನೆನಪಿನ ಸಾಲವನ್ನೂ ಹೊರಬೇಕಾಗುತ್ತದೆ.

ಹೀಗೆಂದರೆ ಸರಣಿ ಎಂಬುದು ಕನ್ನಡಿಗರಿಗೆ ಹೊಸದಾಗಿತ್ತೇ? ಇಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ 1950ರ ದಶಕದಿಂದಲೇ ಬಸ್ ನಿಲ್ದಾಣದ ಪುಸ್ತಕದಂಗಡಿಗಳಲ್ಲಿ ನೂರಾರು ಸಾಹಸ ಮಾಡುತ್ತಿದ್ದ. ನಮ್ಮ ಕಡೆ ತೆಲುಗು ಓದಬಲ್ಲವರು ಮುಂದೆ ಮಧುಬಾಬು ಅವರ 'ಷಾಡೋ' ಕಾದಂಬರಿಗಳನ್ನೂ ಬಾಡಿಗೆಗೆ ತಂದು ಓದಿದರು. ಪುಸ್ತಕದ ಸರಣಿಗೆ ಒಂದು ಅನುಕೂಲ ಇದೆ: ಪುರುಷೋತ್ತಮನಿಗೆ ವಯಸ್ಸಾಗುವುದಿಲ್ಲ, ಅವನ ಮುಖ ಬೇರೆ ಪುಸ್ತಕದಲ್ಲಿ ಬೇರೆ ಪಾತ್ರವಾಗಿ ಕಾಣಿಸುವುದಿಲ್ಲ. ಒಂದು ಕಾದಂಬರಿ ಸಪ್ಪೆಯಾದರೆ ಮುಂದಿನದು ಬೇಗ ಬಂದು ಅದನ್ನು ಮರೆಸುತ್ತದೆ. ಸಿನಿಮಾದ ಸಾಹಸಿಗೆ ಈ ಸೌಲಭ್ಯ ಇಲ್ಲ.

ಎರಡನೆಯ ಮತ್ತು ಮೂರನೆಯ ಚಿತ್ರಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 'ಗೋವಾದಲ್ಲಿ' ಚುರುಕಾಗಿದೆ, ಹಾಡು ಚೆನ್ನಾಗಿವೆ. ಲಕ್ಷ್ಮಿ ಕನ್ನಡಕ್ಕೆ ಬಂದದ್ದು ಇದರಿಂದ. 'ಜಾಕ್‌ಪಾಟ್' ಅದೇ ಅಚ್ಚಿನಲ್ಲಿ ಎರಕ ಹೊಯ್ದದ್ದು. ಎರಡು ವರ್ಷದೊಳಗೆ ಮೂರು ಬಂದದ್ದರಿಂದ ನಾಯಕನ ವೇಗ ಇಳಿಯುವ ಮೊದಲೇ ಮುಂದಿನದು ಬಂದಿತ್ತು. ಸಿರುಗುಪ್ಪ, ಕುರುಗೋಡಿನಂಥ ಊರುಗಳಿಗೆ ಮಾತ್ರ ಈ ಅನುಕ್ರಮ ಲೆಕ್ಕಕ್ಕೇ ಬರಲಿಲ್ಲ. ಆಗ ಚಿತ್ರದ ಪ್ರತಿಗಳು ಬೆರಳೆಣಿಕೆಯಷ್ಟು. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಮುಗಿಸಿ ಜಿಲ್ಲಾ ಕೇಂದ್ರಕ್ಕೆ ಬಂದು, ಅಲ್ಲಿಂದ ತಾಲ್ಲೂಕಿಗೆ, ಕೊನೆಗೆ ಟೆಂಟಿಗೆ ಇಳಿಯುವ ಹೊತ್ತಿಗೆ ಮಳೆ ಹೊಯ್ದಂತೆ ಗೀರು ಬಿದ್ದ ರೀಲುಗಳು, ನಡುವೆ ಕತ್ತರಿಸಿ ಅಂಟಿಸಿದ ಹಾಡುಗಳು. ತಾತ ಮೊದಲು ನೋಡಿದ್ದು 'ಗೋವಾದಲ್ಲಿ', ಆಮೇಲೆ 'ಜಾಕ್‌ಪಾಟ್'. 'ಜೇಡರ ಬಲೆ'ಯನ್ನು ನೆಲದ ಮೇಲೆ ಕುಳಿತು ನೋಡಿದ್ದು ಎಲ್ಲಕ್ಕಿಂತ ಕೊನೆಗೆ, 1970ರ ದಶಕದ ಆರಂಭದಲ್ಲಿ, ಟೂರಿಂಗ್ ಟಾಕೀಸಿನಲ್ಲಿ. ಹೀಗೆ ಅವರಿಗೆ ಸರಣಿ ಏರುತ್ತಲೇ ಹೋಯಿತು. ಕೊನೆಗೆ ಸಿಕ್ಕಿದ್ದು ಅತ್ಯುತ್ತಮವಾದದ್ದು. 1978ರ ಪೋಸ್ಟರ್ ಕಂಡಾಗ ಇದಕ್ಕಿಂತ ದೊಡ್ಡದೇ ಬರುತ್ತದೆ, ರಾಕೆಟ್ಟೇ ಬರುತ್ತದೆ ಎಂದು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ನಡುವಿನ ಒಂಬತ್ತು ವರ್ಷಗಳಿಗೆ ಬರೋಣ. ನನ್ನ ಮಟ್ಟಿಗೆ ನಾಲ್ಕನೆಯ ಚಿತ್ರದ ಸೋಲು ಆ ಚಿತ್ರದೊಳಗೆ ಆದದ್ದಲ್ಲ, ಈ ಒಂಬತ್ತು ವರ್ಷಗಳಲ್ಲಿ ಆದದ್ದು. (ಸೋಲು ಎಂದಾಗ ಗಲ್ಲಾಪೆಟ್ಟಿಗೆಯ ಮಾತಲ್ಲ. ನೋಡಿ ಹೊರಬಂದವನ ಮನಸ್ಸಿನ ಮಾತು.)

1971ರಲ್ಲಿ 'ಕಸ್ತೂರಿ ನಿವಾಸ' ಬಂತು. ಕೊಟ್ಟು ಕೊಟ್ಟು ಬರಿದಾಗುವ ಧನಿಕನ ಕಥೆ. ನಿರ್ದೇಶಕರು ಅದೇ ದೊರೈ-ಭಗವಾನ್! 1972ರಲ್ಲಿ 'ಬಂಗಾರದ ಮನುಷ್ಯ' ಬಂತು. ಆ ಚಿತ್ರ ನೋಡಿ ಪಟ್ಟಣದ ಕೆಲಸ ಬಿಟ್ಟು ಹೊಲಕ್ಕೆ ಮರಳಿದವರಿದ್ದಾರೆ ಎಂಬ ಮಾತು ಕರ್ನಾಟಕದ ಎಲ್ಲ ಊರಿನಲ್ಲೂ ಇದೆ. 1973ರಲ್ಲಿ 'ಗಂಧದ ಗುಡಿ', 1975ರಲ್ಲಿ 'ಮಯೂರ'. 1974ರ 'ಸಂಪತ್ತಿಗೆ ಸವಾಲ್' ಬಳಿಕ ಅವರ ಹಾಡುಗಳನ್ನು ಅವರೇ ಹಾಡತೊಡಗಿದರು. ಅಲ್ಲಿಯವರೆಗೆ ಪಿ.ಬಿ. ಶ್ರೀನಿವಾಸ್ ಕಂಠದ ಮೂಲಕ ಬರುತ್ತಿದ್ದ ನಾಯಕ ಈಗ ಪೂರ್ತಿಯಾಗಿ ಒಬ್ಬನೇ ಆದ. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. ಅಂದಿನಿಂದ 'ಡಾ. ರಾಜಕುಮಾರ್'. ತೆರೆಯ ಮೇಲೆ ಸಿಗರೇಟು ಸೇದದ, ಮದ್ಯ ಕುಡಿಯದ ಶೀಲ ಈಗ ಪಾತ್ರದ ಗುಣವಾಗಿ ಉಳಿಯಲಿಲ್ಲ, ನಾಡಿನ ಒಡಂಬಡಿಕೆಯಂತಾಯಿತು.

ಇತ್ತ ನಿರ್ದೇಶಕರೂ ಬದಲಾಗಿದ್ದರು. 'ಎರಡು ಕನಸು', 'ಬಯಲು ದಾರಿ', 'ಗಿರಿಕನ್ಯೆ': ಕಾದಂಬರಿಗಳನ್ನು ಆಯ್ದು, ಮನೆಮಂದಿ ಕಣ್ಣೊರೆಸಿಕೊಳ್ಳುವಂಥ ಚಿತ್ರ ಮಾಡುವುದರಲ್ಲಿ ಅವರದು ಎತ್ತಿದ ಕೈ ಎಂದು ಹೆಸರಾಗಿತ್ತು. ಖಳರ ಲೋಕವೂ ಹಳತಾಗಿತ್ತು. ಕಳ್ಳಸಾಗಣೆದಾರರನ್ನು ಹಿಡಿದಿಡಲು 1974ರಲ್ಲಿ ಕಾಫಿಪೋಸಾ ಕಾಯ್ದೆ ಬಂತು, ತುರ್ತುಪರಿಸ್ಥಿತಿ ಬಂದು ಹೋಯಿತು. ಪತ್ರಿಕೆಗಳಲ್ಲಿ ಅವರ ಚಿತ್ರಗಳನ್ನು ಜನ ನೋಡಿಯಾಗಿತ್ತು. ಹಿಂದಿಯಲ್ಲಿ 1975ರ 'ದೀವಾರ್' ಬಂದು ಕಳ್ಳಸಾಗಣೆಯವನನ್ನೇ ನಾಯಕನನ್ನಾಗಿ ಮಾಡಿಬಿಟ್ಟಿತ್ತು. ವಜ್ರದ ಜಾಲವನ್ನು ಕೋಟುಧಾರಿ ಅಧಿಕಾರಿ ಭೇದಿಸುವ ಕಥೆ 1968ರಲ್ಲಿ ಹೊಸ ಸುದ್ದಿ, 1978ರಲ್ಲಿ ಹಳೇ ಪೇಪರು.

ಹೀಗೆ 49 ವರ್ಷದ ಡಾ. ರಾಜಕುಮಾರ್ 999 ಆಗಿ ಮರಳಿದರು. ಈ ಬಾರಿ ಬಣ್ಣ ಬಂದಿತ್ತು. ಚಿತ್ರೀಕರಣಕ್ಕಾಗಿ ತಂಡ ನೇಪಾಳದವರೆಗೂ ಹೋಗಿತ್ತು. ಮೊದಲ ಚಿತ್ರಕ್ಕೆ ಇಲ್ಲದ ಸವಲತ್ತೆಲ್ಲ ಇದಕ್ಕೆ ಇತ್ತು. ಆದರೆ ನೋಡುತ್ತ ಹೋದಂತೆ ಒಂದು ಸಂಗತಿ ಕಾಡುತ್ತದೆ. 'ಜೇಡರ ಬಲೆ'ಯಲ್ಲಿ 999 ಅಪಾಯಕ್ಕೆ ಸಿಕ್ಕಾಗ ನಮಗೆ ಒಂದಿಷ್ಟಾದರೂ ಅಳುಕು ಹುಟ್ಟುತ್ತದೆ. ಇಲ್ಲಿ ಹುಟ್ಟುವುದಿಲ್ಲ. ತೆರೆಯ ಮೇಲಿರುವುದು ಪತ್ತೇದಾರನಲ್ಲ, ಅಣ್ಣಾವ್ರು. ಅವರಿಗೆ ಏನೂ ಆಗದು. ಹೆಣ್ಣುಗಳ ಎದುರು 999 ತುಂಟತನ ತೋರಿದರೂ ಅದರಲ್ಲಿ ಅಪಾಯವಿಲ್ಲ, ಅವರು ಎಲ್ಲೆ ದಾಟುವುದಿಲ್ಲವೆಂದು ಖಳನಿಗೂ ಗೊತ್ತಿರುವಂತಿದೆ. ಗೂಢಚಾರನ ಕಥೆಗೆ ಬೇಕಾದ ಮೊದಲ ಸರಕು ಎಂದರೆ ಅವನು ಯಾರೆಂದು ಪೂರ್ತಿ ತಿಳಿಯದಿರುವುದು. 1978ರ ಹೊತ್ತಿಗೆ ಕರ್ನಾಟಕದಲ್ಲಿ ರಾಜಕುಮಾರ್ ಅವರಷ್ಟು ಪೂರ್ತಿ ತಿಳಿದ ಮನುಷ್ಯ ಬೇರೊಬ್ಬರಿರಲಿಲ್ಲ. ಗುಟ್ಟು ಉಳಿಯದ ಮೇಲೆ ಗೂಢಚಾರ ಉಳಿಯುವುದೆಲ್ಲಿ? ಚಿತ್ರದ ಹೆಸರಿನಲ್ಲೇ ಇದರ ಸುಳಿವಿದೆ. ಎರಡನೆಯ, ಮೂರನೆಯ ಚಿತ್ರಗಳು 999 ಎಂಬ ಸಂಖ್ಯೆಯನ್ನು ಹೆಸರಿನಲ್ಲೇ ಹೊತ್ತಿದ್ದವು. ನಾಲ್ಕನೆಯದಕ್ಕೆ ಅದು ಬೇಕೆನಿಸಲಿಲ್ಲ.

ಸಾಹಸ ಚಿತ್ರಕ್ಕೇ ಪ್ರೇಕ್ಷಕ ಬೇಸತ್ತಿದ್ದ ಎಂದು ಇದರ ಅರ್ಥವಲ್ಲ. ಅದೇ 1978ರಲ್ಲಿ ವಿ. ಸೋಮಶೇಖರ್ ನಿರ್ದೇಶನದ 'ಶಂಕರ್ ಗುರು' ಬಂತು. ಮೂರು ಪಾತ್ರ, ಕಾಶ್ಮೀರದ ಹಿಮ, ವೇಷ ಬದಲಾವಣೆ, ಬೆನ್ನಟ್ಟುವಿಕೆ, ಅದೇ ಪದ್ಮಪ್ರಿಯ ಕೂಡ. ಜನ ಮುಗಿಬಿದ್ದು ನೋಡಿದರು, ಅದು ವರ್ಷ ಓಡಿದ ಚಿತ್ರವೆಂದು ಹೆಸರಾಯಿತು. ವ್ಯತ್ಯಾಸ ಇಷ್ಟೇ: 'ಶಂಕರ್ ಗುರು'ವಿನ ಸಾಹಸ ನಡೆಯುವುದು ಅಪ್ಪ, ಅಮ್ಮ, ಮಕ್ಕಳ ಸಂಬಂಧಕ್ಕಾಗಿ. 1970ರ ದಶಕದ ರಾಜಕುಮಾರ್ ಬಂದೂಕು ಹಿಡಿದರೆ ಅದರ ಹಿಂದೆ ಒಂದು ತಾಯಿ ಬೇಕಿತ್ತು, ಸಂಸಾರ ಬೇಕಿತ್ತು. 999ಗೆ ಸಂಸಾರವಿಲ್ಲ. ಅವನಿಗಿರುವುದು ಇಲಾಖೆ ಮಾತ್ರ.

ಬಾಂಡ್ ಚಿತ್ರಗಳವರು ಇಂಥ ಬಿಕ್ಕಟ್ಟನ್ನು ಎದುರಿಸಿದ ಬಗೆ ಬೇರೆ. ಶಾನ್ ಕಾನರಿ ಬಿಟ್ಟುಹೋದಾಗ 1969ರಲ್ಲಿ ಜಾರ್ಜ್ ಲೇಜೆನ್‌ಬಿ ಬಂದರು. 1971ರಲ್ಲಿ ಕಾನರಿ ಮರಳಿ 'ಡೈಮಂಡ್ಸ್ ಆರ್ ಫಾರೆವರ್' ಮಾಡಿದರು. ಅದರ ವಸ್ತು ಕೂಡ ವಜ್ರದ ಕಳ್ಳಸಾಗಣೆಯೇ! 1973ರಿಂದ ರೋಜರ್ ಮೂರ್. ನಟರು ಬದಲಾದರು, ಸಂಖ್ಯೆ ನಿಂತಿತು. ಕಾನರಿ 1983ರಲ್ಲಿ ಹನ್ನೆರಡು ವರ್ಷದ ಬಳಿಕ ಇನ್ನೊಮ್ಮೆ ಬಾಂಡ್ ಆದಾಗ ಅವರ ವಯಸ್ಸಿನ ಬಗ್ಗೆ ಚಿತ್ರವೇ ತಮಾಷೆ ಮಾಡಿಕೊಂಡಿತು. ನಮ್ಮಲ್ಲಿ ಸಂಖ್ಯೆಯನ್ನು ಇನ್ನೊಬ್ಬರಿಗೆ ದಾಟಿಸುವುದು ಯಾರಿಗೂ ತೋಚಲಿಲ್ಲ. ಇನ್ನೊಬ್ಬ ನಟ 999 ಆಗಿದ್ದರೆ ಪ್ರೇಕ್ಷಕ ಒಪ್ಪುತ್ತಲೂ ಇರಲಿಲ್ಲ. 007 ಒಂದು ಹುದ್ದೆ. 999 ಒಬ್ಬ ವ್ಯಕ್ತಿ.

ಇಷ್ಟೆಲ್ಲ ಆಗಿಯೂ ನಾಲ್ಕನೆಯ ಚಿತ್ರದಲ್ಲಿ ಒಂದು ಜಾಗದಲ್ಲಿ ಹಳೆಯ ಸೋಜಿಗ ಮರಳಿ ಬರುತ್ತದೆ, ಅದೂ ಸಾಹಸದ ದೃಶ್ಯದಲ್ಲಲ್ಲ. 'ಇಫ್ ಯೂ ಕಮ್ ಟುಡೇ' ಎಂಬ ಇಂಗ್ಲಿಷ್ ಹಾಡನ್ನು ರಾಜಕುಮಾರ್ ತಾವೇ ಹಾಡಿ ಕುಣಿಯುತ್ತಾರೆ. ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದ, ಕನ್ನಡದ ಉಚ್ಚಾರಕ್ಕೇ ಮಾದರಿಯೆನಿಸಿದ ಕಂಠ ಇಂಗ್ಲಿಷ್ ಮಾತುಗಳನ್ನು ಹಿಡಿದು ತನಗೆ ಬೇಕಾದಂತೆ ಬಗ್ಗಿಸುತ್ತದೆ. ಅಣಕವಿಲ್ಲ, ಅಂಜಿಕೆಯೂ ಇಲ್ಲ. ಚಿತ್ರವನ್ನು ನೋಡದವರು, ಅದು ಬಂದಾಗ ಹುಟ್ಟಿರದವರು ಎಷ್ಟೋ ವರ್ಷಗಳ ಬಳಿಕ ಈ ಹಾಡನ್ನು ಮೊಬೈಲಿನಿಂದ ಮೊಬೈಲಿಗೆ ಹಂಚಿ ಮತ್ತೆ ಊರೆಲ್ಲ ಓಡಾಡಿಸಿದರು. ಮೊದಲು ನಗೆಗಾಗಿ ಹಂಚಿದ್ದು, ಕೇಳುತ್ತ ಕೇಳುತ್ತ ಇಷ್ಟಪಟ್ಟದ್ದು. ನಾನೂ ಆ ಸಾಲಿನವರಲ್ಲಿ ಒಬ್ಬ. 'ಅಣ್ಣಾವ್ರು ಹೀಗೂ ಮಾಡಬಲ್ಲರೇ?' ಎಂದು 1968ರ ಟೆಂಟಿನ ಹುಡುಗ ಕೇಳಿಕೊಂಡ ಪ್ರಶ್ನೆಯನ್ನೇ ನಾವು ಹಾಸ್ಟೆಲಿನಲ್ಲಿ ಕೇಳಿಕೊಂಡೆವು.

ಹಳೆಯ ಹೆಸರನ್ನು ಎಷ್ಟೋ ವರ್ಷಗಳ ಬಳಿಕ ಎತ್ತಿಕೊಂಡು ಕೈಸುಟ್ಟುಕೊಂಡವರು ದೊರೈ-ಭಗವಾನ್ ಮಾತ್ರ ಅಲ್ಲ. 'ಗಂಧದ ಗುಡಿ'ಯ ಎರಡನೆಯ ಭಾಗ ಎರಡು ದಶಕ ಕಳೆದು 1990ರ ದಶಕದಲ್ಲಿ ಶಿವರಾಜಕುಮಾರ್ ನಾಯಕತ್ವದಲ್ಲಿ ಬಂತು, ನಿರ್ದೇಶಕ ವಿಜಯ್ ಅವರೇ. ಅದನ್ನು ಇಂದು ನೆನೆಯುವವರು ಕಡಿಮೆ. ಅಂಬರೀಷ್ ಅವರ 'ಅಂತ' 1981ರಲ್ಲಿ ಎಬ್ಬಿಸಿದ ಬಿರುಗಾಳಿಯನ್ನು 'ಆಪರೇಷನ್ ಅಂತ' ಎಬ್ಬಿಸಲಿಲ್ಲ. ಈಗಿನವರು ಜಾಣರು. 'ಕೆಜಿಎಫ್' ಮೊದಲ ಭಾಗ 2018ರಲ್ಲಿ ಬಂದಾಗಲೇ ಎರಡನೆಯದು ಇದೆಯೆಂದು ಹೇಳಿ ಕಳಿಸಿತು. 'ಕಾಂತಾರ' 2025ರಲ್ಲಿ ಮುಂದಕ್ಕೆ ಹೋಗದೆ ಕಥೆಯ ಹಿಂದಕ್ಕೆ ಹೋಯಿತು. ಪ್ರೇಕ್ಷಕನ ನೆನಪು ಆರುವ ಮೊದಲೇ, ಇಲ್ಲವೆ ಆ ನೆನಪು ಮುಟ್ಟದ ಕಾಲಕ್ಕೆ ಹೋಗಿ ಹೊಸ ಚಿತ್ರ ಕಟ್ಟುವ ಉಪಾಯವಿದು. 1968ರಲ್ಲಿ ಇಂಥ ಯೋಜನೆ ಯಾರ ತಲೆಯಲ್ಲೂ ಇರಲಿಲ್ಲ. ಜನ ಕೇಳಿದರು, ಮಾಡಿದರು.

ದೊರೈರಾಜ್ 2000ದಲ್ಲಿ, ರಾಜಕುಮಾರ್ 2006ರಲ್ಲಿ, ಭಗವಾನ್ 2023ರ ಫೆಬ್ರುವರಿಯಲ್ಲಿ ತೀರಿಕೊಂಡರು. 116 ಆಗಿದ್ದ ಕೃಷ್ಣ ಕೂಡ 2022ರಲ್ಲಿ ಹೋದರು. ಗೋಲಿಯಾಟದ ವಾದ ಈಗ ನಮ್ಮ ತಾತನಂಥವರ ಬಳಿ ಮಾತ್ರ ಉಳಿದಿದೆ.

ಈ ಲೇಖನಕ್ಕೆಂದು ಕುರುಗೋಡಿಗೆ ಹೋಗಿದ್ದಾಗ, 47 ವರ್ಷಗಳ ಬಳಿಕ ತಾತನಿಗೆ 'ಆಪರೇಷನ್ ಡೈಮಂಡ್ ರಾಕೆಟ್' ತೋರಿಸಿದೆ. ಪಡಸಾಲೆಯಲ್ಲಿ ಗೋಡೆಗೊರಗಿ ಕುಳಿತು, ಫೋನನ್ನು ಸ್ಟೀಲ್ ಚೊಂಬಿಗೆ ಆನಿಸಿಟ್ಟುಕೊಂಡು ನೋಡಿದರು. ಇಂಗ್ಲಿಷ್ ಹಾಡು ಬಂದಾಗ ಎರಡು ಸಲ ಹಾಕಿಸಿಕೊಂಡರು. ಅರ್ಧ ಮುಗಿಯುವಷ್ಟರಲ್ಲಿ ಕನ್ನಡಕ ತೆಗೆದು, "ಸಾಕು ಬಿಡು. ಆ ಕಪ್ಪುಬಿಳುಪಿನದ್ದು, ನಮ್ಮೂರು ಜಯಂತಿ ಇರೋದು, ಅದು ಐತೇನು ನೋಡು" ಎಂದರು.